ಎಂಟು ದಿನ ಕಾಯದ ನಕ್ಷೆ

ಮೊನ್ನೆ ಸಾಗರದ ಸಂತೆಯಲ್ಲಿ ಒಬ್ಬ ಮುದುಕ ಅಪ್ಪೆಮಿಡಿಯೊಂದರ ತೊಟ್ಟು ಮುರಿದು ನನ್ನ ಮೂಗಿಗೆ ಹಿಡಿದ. ಮೊದಲು ಮೂಸಿ, ಆಮೇಲೆ ರೇಟು ಕೇಳಿ ಎಂದ. ಸೊನೆ ಚಿಮ್ಮಿ ಅಂಗಿಯ ತೋಳಿಗೆ ಬಿತ್ತು. ಹಸಿ ಜೀರಿಗೆ ಅರೆದಂಥ ಆ ವಾಸನೆ ತಲೆಗೆ ಹತ್ತುವಷ್ಟರಲ್ಲಿ ನಾನು ಅವನು ಹೇಳಿದ ರೇಟಿಗೇ ಒಪ್ಪಿ ಚೀಲ ಹಿಡಿದಿದ್ದೆ. ಮನೆಗೆ ಬಂದ ಮೇಲೆ ಹೆಂಡತಿ, ಎಷ್ಟಕ್ಕೆ ಇಳಿಸಿದಿರಿ ಎಂದು ಕೇಳಿದಳು. ಇಳಿಸಲಿಲ್ಲ ಎಂದಾಗ ಹಣೆ ಮುಟ್ಟಿ ನೋಡಿದಳು. ಜ್ವರವೇನೂ ಇರಲಿಲ್ಲ. ಮಾವಿನ ಸೊನೆ ಬಟ್ಟೆಗೆ ಬಿದ್ದರೆ ಮೊದಲು ಕೊಬ್ಬರಿ ಎಣ್ಣೆ ತಿಕ್ಕಬೇಕು, ಆಮೇಲೆ ಸೋಪು. ನೀರು ಮೊದಲು ಮುಟ್ಟಿಸಿದರೆ ಕಲೆ ಕೂತುಬಿಡುತ್ತದೆ. ಇದನ್ನು ನನಗೆ ಹೇಳಿಕೊಟ್ಟವಳು ಗಿರಿಜಕ್ಕ. ಕೋಣಂದೂರಿನ ಆ ಒಂದು ಮಿಡಿ ಸೀಸನ್ನಿನಲ್ಲಿ ಅವಳು ಹೇಳಿಕೊಟ್ಟದ್ದು ಇದೊಂದೇ ಅಲ್ಲ. ನಾನು ಅವಳಿಗೆ ಮಾಡಿದ್ದನ್ನು ಬರೆದಿಡಬೇಕೆಂದು ಎಷ್ಟೋ ಸಲ ಅಂದುಕೊಂಡು ಬಿಟ್ಟಿದ್ದೆ.

ನಾನು ಇಂಜಿನಿಯರ್ ಅಲ್ಲ. ಇಕ್ಕೇರಿ ಕಡೆಯ ಹಳ್ಳಿಯವನು, ಪಿಯುಸಿಗೆ ಎರಡು ಸಲ ಕೂತವನು. ಸಾಗರದ ಬಸ್‌ಸ್ಟ್ಯಾಂಡ್ ಪಕ್ಕ ಒಂದು ಹಳೆಯ ಜೆರಾಕ್ಸ್ ಮಷಿನ್ನಿನಿಂದ ಶುರು ಮಾಡಿದೆ. ಪಹಣಿ, ಆದಾಯ ಪತ್ರ, ಆಧಾರ್ ತಿದ್ದುಪಡಿ ಎಂದು ಬಂದವರ ಅರ್ಜಿ ತುಂಬುತ್ತ ತುಂಬುತ್ತ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವವನಾದೆ. ಬೆಂಗಳೂರಿನ ಕಂಪನಿಯವರಿಗೆ ಇಲ್ಲಿಯ ಜನರನ್ನು ಮಾತಾಡಿಸಲು ಬರುವುದಿಲ್ಲ, ಇಲ್ಲಿಯ ಯಜಮಾನರಿಗೆ ಅವರ ಮಾತು ತಲೆಗೆ ಹೋಗುವುದಿಲ್ಲ. ನಾನು ಮಧ್ಯೆ ನಿಂತೆ. ಈ ಕೆಲಸಕ್ಕೆ ಇಳಿಯುವವರಿಗೆ ಇವತ್ತಿಗೂ ನಾನು ಹೇಳುವುದು ಅದನ್ನೇ. ಕೋಡ್ ಬರೆಯುವುದು ಕಲಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಯಾರು ಯಾರಿಗೆ ಏನನ್ನು ಹೇಳಲಾರದೆ ಒದ್ದಾಡುತ್ತಿದ್ದಾರೆ ಎಂಬುದನ್ನು ಮೊದಲು ನೋಡಿ. ಅನ್ನ ಅಲ್ಲಿದೆ.

ಮಂಜಪ್ಪಗೌಡರ ಉಪ್ಪಿನಕಾಯಿ ಕಾರ್ಖಾನೆ ನನಗೆ ಸಿಕ್ಕಿದ್ದು ಹಾಗೆಯೇ. ಕೋಣಂದೂರಿನಲ್ಲಿ ಅವರ ತಾಯಿ ಹಿತ್ತಲಿನಲ್ಲಿ ಶುರು ಮಾಡಿದ ಕಸುಬು. ಗೌಡರು ಅದನ್ನು ಹೊಸನಗರಕ್ಕೂ ಸಾಗರಕ್ಕೂ ಬೆಳೆಸಿದ್ದರು. ಮೂರು ಊರು, ಮೂರು ಶೆಡ್ಡು, ಮೂರು ರೀತಿ. ಸಾಗರದವರು ಮಿಡಿ ಬಂದ ಕೂಡಲೆ ಉಪ್ಪಿಗೆ ಹಾಕುವರು, ಹೊಸನಗರದವರು ಒಂದು ದಿನ ಆರಿಸಿ ಹಾಕುವರು, ಕೋಣಂದೂರಿನಲ್ಲಿ ಗಿರಿಜಕ್ಕ ಹೇಳಿದಾಗ ಹಾಕುವರು. ಮೂರೂ ಒಂದೇ ರೀತಿ ನಡೆಯಬೇಕು, ತಾವು ಎಲ್ಲಿ ಕೂತರೂ ಯಾವ ಬ್ಯಾರೆಲ್ಲಿನಲ್ಲಿ ಏನಿದೆ ಎಂದು ಫೋನಿನಲ್ಲಿ ಕಾಣಬೇಕು ಎಂಬುದು ಗೌಡರ ಆಸೆ. ನಾನು ಬೆಂಗಳೂರಿನ ಕಂಪನಿಯನ್ನು ಕರೆತಂದೆ. ಶಿವರಾತ್ರಿ ಕಳೆದ ವಾರ ಅವರು ರಶ್ಮಿ ಎಂಬ ಇಂಜಿನಿಯರನ್ನು ಕಳಿಸಿದರು.

ರಶ್ಮಿ ಮೇಡಂ ಬಂದ ದಿನವೇ ಗೋಡೆಗೆ ಬಿಳಿ ಹಾಳೆ ಅಂಟಿಸಿ ಚೌಕ ಎಳೆದರು, ಚೌಕದಿಂದ ಚೌಕಕ್ಕೆ ಬಾಣ ಎಳೆದರು. ತಾವು ಪ್ರೋಗ್ರಾಂ ಬರೆಯುವುದಿಲ್ಲ ಎಂದರು. ಗೌಡರ ಮುಖ ನೋಡಬೇಕಿತ್ತು. ಆಮೇಲೆ ಬಿಡಿಸಿ ಹೇಳಿದರು. ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಪೂರ್ತಿ ಚಿತ್ರವಾಗಿ ಬರೆಯುವುದು. ಮಿಡಿ ಬಂತು, ತೂಕ ಆಯಿತು, ನೋಡಿ ಆಯಿತು, ಒಪ್ಪಿಗೆ ಅಥವಾ ವಾಪಸ್, ಆಮೇಲೆ ಬ್ಯಾರೆಲ್. ಈ ಚಿತ್ರ ಸರಿಯಾಗಿದ್ದರೆ ಕಂಪ್ಯೂಟರೇ ಅದರಿಂದ ಪ್ರೋಗ್ರಾಂ ಹುಟ್ಟಿಸುತ್ತದೆ, ಆ ಪ್ರೋಗ್ರಾಮಿಗೆ ಬೇಕಾದ ಪರೀಕ್ಷೆಗಳನ್ನೂ ಅದರಿಂದಲೇ ಹುಟ್ಟಿಸುತ್ತದೆ. ಬದಲಾವಣೆ ಬೇಕಾದರೆ ಚಿತ್ರ ತಿದ್ದಬೇಕು, ಪ್ರೋಗ್ರಾಂ ಮುಟ್ಟಬಾರದು. ಅವರು ಅದಕ್ಕೆ ಮಾಡೆಲ್ ಅನ್ನುತ್ತಿದ್ದರು. ಮೂರು ಊರಿನ ಶೆಡ್ಡು, ಲಾರಿ, ಗೋದಾಮು, ಅಂಗಡಿ ಎಲ್ಲ ಸೇರಿದ ದೊಡ್ಡ ಚಿತ್ರಕ್ಕೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಅನ್ನುತ್ತಿದ್ದರು. ಕಾರ್ಖಾನೆಯ ಹೆಂಗಸರು ಎಲ್ಲಕ್ಕೂ ನಕ್ಷೆ ಎಂದರು. ನಾನೂ ನಕ್ಷೆ ಎಂದೇ ಕಲಿತೆ.

ನನ್ನ ಪಾಲಿನ ಕೆಲಸ, ಯಾರು ಏನು ಮಾಡುತ್ತಾರೆಂದು ಕೇಳಿ ಬರೆದುಕೊಂಡು ಮೇಡಂಗೆ ಒಪ್ಪಿಸುವುದು. ಅದರಲ್ಲಿ ಮುಖ್ಯವಾದವಳು ಗಿರಿಜಕ್ಕ. ಐವತ್ತು ದಾಟಿದ ಹೆಂಗಸು, ಗೌಡರ ತಾಯಿಯ ಕಾಲದಿಂದ ಮಿಡಿ ನೋಡುವವಳು. ಹೊಳೆಸಾಲಿನ ಮರಗಳಿಂದ ಕೊಯ್ದು ತಂದ ಮಿಡಿಯ ಬುಟ್ಟಿಗೆ ಕೈ ಹಾಕಿ, ಒಂದನ್ನು ಮುರಿದು, ಸೊನೆ ಮೂಸಿ, ಯಾವ ಹೊಳೆಯ ಯಾವ ದಂಡೆಯ ಮರ ಎಂದು ಹೇಳುತ್ತಿದ್ದಳು. ಅವಳು ಬೇಡ ಎಂದ ಮಿಡಿಯನ್ನು ಕೋಣಂದೂರಿನಲ್ಲಿ ಗೌಡರೂ ಮುಟ್ಟುತ್ತಿರಲಿಲ್ಲ. ಅವಳ ತವರು ನಮ್ಮೂರಿನ ಪಕ್ಕದ ಊರು ಎಂದು ಗೊತ್ತಾದ ಮೇಲೆ ನನ್ನನ್ನು ತಮಾ ಎಂದು ಕರೆಯಲು ಶುರು ಮಾಡಿದಳು. ನಮ್ಮಂಥ ಗೇಣಿ ಮಾಡಿದವರ ಮನೆಯ ಹುಡುಗ ಗೌಡರ ಎದುರು ಕುರ್ಚಿ ಮೇಲೆ ಕೂರುತ್ತಾನೆ ಎಂಬುದೇ ಅವಳಿಗೊಂದು ಹೆಮ್ಮೆ. ಬೇರೆ ಹೆಂಗಸರಿಗೆ ನನ್ನನ್ನು ತೋರಿಸಿ, ನಮ್ಮ ಕಡೆಯವನು ಕಣ್ರೆ ಎನ್ನುತ್ತಿದ್ದಳು.

ಅಂಥವಳಿಂದ ಮಾತು ತೆಗೆಯುವುದು ಕಷ್ಟವಲ್ಲ. ಆದರೂ ನಾನು ಚೌಕಾಸಿಯವನಲ್ಲವೇ, ಬರಿಗೈಯಲ್ಲಿ ಕೇಳಲಿಲ್ಲ. ನಕ್ಷೆಯಲ್ಲಿ ಪ್ರತಿಯೊಂದು ನಿಯಮದ ಪಕ್ಕ ಅದನ್ನು ಹೇಳಿದವರು ಯಾರು ಎಂದು ಬರೆಯುವ ಜಾಗ ಇದೆ, ಅಲ್ಲಿ ನಿನ್ನ ಹೆಸರು ಹಾಕಿಸುತ್ತೇನೆ, ಮುಂದೆ ಮೂರು ಊರಿಗೂ ನೀನೇ ಹೇಳಿಕೊಡುವವಳು ಎಂದೆ. ಅವಳ ಕಣ್ಣು ಅರಳಿತು. ಬೆಳಿಗ್ಗೆ ಬುಟ್ಟಿಗಳು ಬರುವ ಮುಂಚೆ, ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಒಂದು ವಾರ ಅವಳು ಹೇಳಿದಳು, ನಾನು ಬರೆದೆ. ತೊಟ್ಟು ಇದ್ದರೆ ಸರಿ, ಬಿದ್ದು ತೊಟ್ಟು ಕಳಚಿದ್ದು ಬೇಡ. ಮುರಿದರೆ ಟಕ್ ಎನ್ನಬೇಕು. ಒಳಗೆ ಗೊರಟೆ ಬಲಿತಿರಬಾರದು. ಸೊನೆ ಕೈಗೆ ಅಂಟಿ ಉರಿಯಬೇಕು. ಒಂದೊಂದನ್ನೂ ನಾನು ಹೌದು ಅಥವಾ ಇಲ್ಲ ಎಂಬ ಪ್ರಶ್ನೆಯಾಗಿ ಮಾಡಿದೆ. ಯಾವ ಹುಡುಗಿ ಬೇಕಾದರೂ ಟ್ಯಾಬ್ ಹಿಡಿದು ಉತ್ತರ ಒತ್ತಬಹುದು. ಕೊನೆಗೆ ಪರದೆಯೇ ಒಪ್ಪಿಗೆ ಅಥವಾ ವಾಪಸ್ ಎನ್ನುತ್ತದೆ. ಇನ್ನೊಬ್ಬರ ಕೈಯ ಕೆಲಸವನ್ನು ಹೀಗೆ ಬಿಡಿಬಿಡಿಯಾಗಿ ಬರೆದುಕೊಳ್ಳುವಾಗ ಒಂದು ಸುಖ ಇದೆ. ಇಲ್ಲ ಎಂದರೆ ಸುಳ್ಳಾಗುತ್ತದೆ.

ಕೊನೆಯ ದಿನ ಅವಳು ಒಂದು ಮಾತು ಸೇರಿಸಿದಳು.

"ಇದೆಲ್ಲ ಗುರುತಿನ ಮರಕ್ಕೆ ತಮಾ. ಗುರುತಿಲ್ಲದ ಮರದ್ದು ಬಂದ್ರೆ ಒಂದು ಮುಷ್ಟಿ ಉಪ್ಪಲ್ಲಿ ಹಾಕಿ ಎಂಟು ದಿನ ಇಡ್ಬೇಕು. ಎಂಟು ದಿನದ ಮೇಲೆ ಒತ್ತಿ ನೋಡಿದ್ರೆ ಅದೇ ಹೇಳ್ತದೆ. ಅಲ್ಲೀ ತನಕ ಬೇರೆ ಮಿಡಿ ಜೊತೆ ಬೆರೆಸೂಕಾಗದಿಲ್ಲ."

ಅಲ್ಲಿಯವರೆಗೆ ನೀನು ಏನು ಹೇಳುತ್ತಿ ಎಂದು ಕೇಳಿದೆ.

"ಎಂತ ಹೇಳದು? ನಂಗೇ ಗೊತ್ತಿರದಿಲ್ಲಲ."

ಅದನ್ನೂ ಬರೆದುಕೊಂಡೆ. ನೀಲಿ ಇಂಕಿನಲ್ಲಿ, ನೋಟ್‌ಬುಕ್ಕಿನ ಬಲಗಡೆಯ ಹಾಳೆಯಲ್ಲಿ. ಎಷ್ಟೋ ಮರಗಳ ಮಿಡಿ ಹೊರಗಿನಿಂದ ಗಟ್ಟಿಯಾಗಿದ್ದು, ಪರಿಮಳ ಇದ್ದು, ಉಪ್ಪು ಕುಡಿದ ಮೇಲೆ ಮೆತ್ತಗಾಗಿ ಪಕ್ಕದ್ದನ್ನೂ ಕೆಡಿಸುತ್ತವೆ ಎಂದು ವಿವರಿಸಿದಳು. ಹಾಗಾಗಿಯೇ ಅವಳ ಕೋಣೆಯ ಗೂಡಿನಲ್ಲಿ ಸಾಲಾಗಿ ಪುಟ್ಟ ಗಾಜಿನ ಜಾಡಿಗಳು, ಒಂದೊಂದಕ್ಕೆ ಒಂದೊಂದು ಬಣ್ಣದ ದಾರ. ಓದು ಬರಹ ಬಾರದವಳು ದಾರದ ಬಣ್ಣದಿಂದ ಮರದ ಗುರುತು ಇಟ್ಟುಕೊಂಡಿದ್ದಳು. ಗೌಡರಿಗೆ ಅವಳ ಕೊನೆಯ ಮಾತು ಮುಟ್ಟುತ್ತಿತ್ತೇ ಹೊರತು ಈ ಜಾಡಿಗಳ ಲೆಕ್ಕ ಮುಟ್ಟುತ್ತಿರಲಿಲ್ಲ.

ಈಗ ನನ್ನ ಕಷ್ಟ ನೋಡಿ. ಮಿಡಿ ಕೊಯ್ಯುವ ಕಾಲ ಹೆಚ್ಚೆಂದರೆ ಒಂದೂವರೆ ತಿಂಗಳು. ಅದರೊಳಗೆ ನಕ್ಷೆ ಓಡಿ ತೋರಿಸದಿದ್ದರೆ ಗೌಡರು ಒಂದು ವರ್ಷ ಮುಂದೂಡುವರು. ಓಡಿದರೆ ಮೂರು ಊರಿನ ನಿರ್ವಹಣೆ ನನಗೆ ಎಂದು ಮಾತಾಗಿತ್ತು. ಮಿಡಿ ತರುವವರು ಅದೇ ದಿನ ಉತ್ತರ ಕೇಳುತ್ತಾರೆ. ಎಂಟು ದಿನ ಬಿಟ್ಟು ಬಾ ಎಂದರೆ ಮುಂದಿನ ವ್ಯಾಪಾರಿಗೆ ಹಾಕಿ ಹೋಗುತ್ತಾರೆ. ಗಿರಿಜಕ್ಕ ಅವರನ್ನು ಹೇಗೋ ಮಾತಾಡಿ ಒಪ್ಪಿಸುತ್ತಿದ್ದಳು, ಟ್ಯಾಬ್ ಹಿಡಿದ ಹುಡುಗಿ ಒಪ್ಪಿಸುತ್ತಾಳೆಯೇ? ಸಾಗರ, ಹೊಸನಗರಗಳಲ್ಲಿ ಹೀಗೆ ಕಾಯುವ ಪದ್ಧತಿಯೇ ಇರಲಿಲ್ಲ. ಅವರು ಗುರುತಿನ ಮರದ್ದನ್ನಷ್ಟೇ ಕೊಳ್ಳುತ್ತಿದ್ದುದರಿಂದ ನಡೆದುಹೋಗಿತ್ತು. ನಕ್ಷೆಗೆ ಒಂದು ಕಾಯುವ ಚೌಕ ಸೇರಿಸಿದರೆ ಅದರಿಂದ ಹೊರಡುವ ಬಾಣಗಳು, ಪುಟ್ಟ ಬ್ಯಾರೆಲ್ಲುಗಳು, ಬೇರೆ ಗೋದಾಮು, ಮೂರು ಊರಿಗೂ ಹೊಸ ಕೆಲಸ. ಗೌಡರು ಒಪ್ಪುವುದಿಲ್ಲ ಎಂದು ನಾನೇ ತೀರ್ಮಾನಿಸಿದೆ. ಅವರನ್ನು ಕೇಳಲೂ ಇಲ್ಲ.

ಮೇಡಂ ಮಾತ್ರ ಕೇಳಬೇಕಾದ್ದನ್ನು ನೇರವಾಗಿ ಕೇಳಿದರು.

"ಸರ್, ಎಲ್ಲಾದ್ರೂ ಕಾಯೋ ಸ್ಟೇಟ್, ಅಂದ್ರೆ ಕಾಯೋ ಹಂತ, ಇದೆಯಾ? ಇದ್ರೆ ಈಗ್ಲೇ ಹೇಳಿ. ಆಮೇಲೆ ಟೆಸ್ಟಲ್ಲಿ ಸಿಕ್ಕಿಬೀಳಲ್ಲ. ಟೆಸ್ಟ್‌ಗಳೂ ಇದೇ ಮಾಡೆಲ್‌ನಿಂದ ಬರೋದು."

"ಇಲ್ಲ ಮೇಡಂ, ಎಲ್ಲ ಅದೇ ದಿನ ಮುಗಿಯತ್ತೆ" ಎಂದೆ.

ಅವರು ನನ್ನನ್ನು ನಂಬಿದರು. ಕಂಪ್ಯೂಟರ್ ನಕ್ಷೆಯ ಪ್ರತಿ ದಾರಿಯಲ್ಲೂ ತಾನೇ ನಡೆದು ನೋಡಿತು. ಎಲ್ಲ ದಾರಿಯೂ ಎಲ್ಲಿಗೋ ಮುಟ್ಟುತ್ತಿತ್ತು, ಎಲ್ಲಿಯೂ ಕಟ್ಟಾಗುತ್ತಿರಲಿಲ್ಲ. ಪರದೆಯ ತುಂಬ ಹಸಿರು ಗುರುತು. ಗೌಡರು ಆ ಹಸಿರನ್ನು ನೋಡಿ ನನ್ನ ಬೆನ್ನು ತಟ್ಟಿದರು. ಈ ಕೆಲಸದಲ್ಲಿರುವವರು ಇದನ್ನು ಬರೆದಿಟ್ಟುಕೊಳ್ಳಿ. ನಕ್ಷೆಯಿಂದ ಹುಟ್ಟಿದ ಪರೀಕ್ಷೆ ನಕ್ಷೆಯಲ್ಲಿ ಇದ್ದದ್ದನ್ನು ಮಾತ್ರ ಪರೀಕ್ಷಿಸುತ್ತದೆ. ಬಿಟ್ಟುಹೋದ ಚೌಕಕ್ಕೆ ಕೆಂಪು ಗುರುತು ಬೀಳುವುದಿಲ್ಲ, ಹಸಿರೂ ಬೀಳುವುದಿಲ್ಲ. ಪರದೆ ಪೂರ್ತಿ ಹಸಿರಾದ ದಿನ ಟೀ ಕುಡಿಯುವ ಮೊದಲು ಶೆಡ್ಡಿನೊಳಗೆ ಹೋಗಿ, ಇಪ್ಪತ್ತು ವರ್ಷದಿಂದ ಅಲ್ಲಿರುವವರನ್ನು ಹುಡುಕಿ, ಏನು ಬಿಟ್ಟಿದ್ದೇವೆ ಎಂದು ಕೇಳಿ. ನಾನು ಕೇಳುವ ಅಗತ್ಯವಿರಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲೇ ಇತ್ತು.

ಕೊನೆಯದಾಗಿ ಮೇಡಂ ಇನ್ನೊಂದು ಪರೀಕ್ಷೆ ಇಟ್ಟರು. ಪರದೆಯ ಉತ್ತರವನ್ನು ಗಿರಿಜಕ್ಕನ ಉತ್ತರದ ಜೊತೆ ಹೋಲಿಸಿ ನೋಡಬೇಕು. ವ್ಯತ್ಯಾಸ ಬಂದರೆ ತಪ್ಪು ನಕ್ಷೆಯದೋ ಅವಳದೋ ಎಂದು ಕೂತು ವಿಚಾರಿಸಬೇಕು. ಗೌಡರಿಗೆ ಅದು ತಮಾಷೆಯಾಗಿ ಕಂಡಿತು. ಎಲ್ಲರ ಎದುರೇ ಆಗಲಿ ಎಂದರು. ಶೆಡ್ಡಿನ ನಡುವೆ ಉದ್ದನೆಯ ಮೇಜು, ಮೇಲೆ ನಂಬರ್ ಹಚ್ಚಿದ ತಟ್ಟೆಗಳು, ತಟ್ಟೆಗಳಲ್ಲಿ ಮಿಡಿ. ಒಂದು ಕಡೆ ಟ್ಯಾಬ್ ಹಿಡಿದ ಹುಡುಗಿ, ಒಂದು ಕಡೆ ಗಿರಿಜಕ್ಕ, ಸುತ್ತಲೂ ಕೆಲಸದ ಹೆಂಗಸರು. ಅವತ್ತು ಅವಳು ಒಗೆದ ಸೀರೆ ಉಟ್ಟು ತಲೆಗೆ ಹೂ ಮುಡಿದು ಬಂದಿದ್ದಳು. ಮೂರು ಊರಿಗೆ ಹೇಳಿಕೊಡುವವಳನ್ನಾಗಿ ಮಾಡುವ ಪರೀಕ್ಷೆ ಎಂದುಕೊಂಡಿದ್ದಳು. ಹಾಗೆಂದು ನಾನೇನೂ ಹೇಳಿರಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ಮೊದಲ ತಟ್ಟೆಗಳಲ್ಲಿ ಇಬ್ಬರ ಉತ್ತರವೂ ಒಂದೇ. ನಡುವೆ ಒಂದು ಕಡೆ ಅವಳು ನಿಂತು, ಹಿಂದಿನ ಎರಡು ತಟ್ಟೆಗಳಿಗೆ ವಾಪಸ್ ಹೋಗಿ ಮೂಸಿ, "ಇವು ಮೂರೂ ಒಂದೇ ಮರದ್ದು. ಬೇರೆ ಬೇರೆ ನಂಬರ್ ಹಾಕಿದೀರಲ, ಎಂತಕ್ಕೆ?" ಎಂದಳು. ಹೆಂಗಸರು ನಕ್ಕರು. ಮೇಡಂ ಬೇಕೆಂದೇ ಹಾಗೆ ಇಟ್ಟಿದ್ದರು; ಅವರ ಮುಖದಲ್ಲಿ ಬೆರಗು ಕಂಡಿತು. ಆಮೇಲೆ ಆ ವರ್ಷ ಹೊಸದಾಗಿ ಬಂದ ಮಿಡಿಯ ತಟ್ಟೆ ಬಂತು. ಹೊಳೆಸಾಲಿನ ಹಳೆಯ ಮರಗಳಲ್ಲಿ ಹೂ ಸರಿಯಾಗಿ ನಿಂತಿರಲಿಲ್ಲ, ಮಿಡಿ ತರುವವರು ಗುಡ್ಡದ ಕಡೆಯ ಗುರುತಿಲ್ಲದ ಮರಗಳಿಗೆ ಹತ್ತಿದ್ದರು. ಹುಡುಗಿ ಒಂದೊಂದೇ ಪ್ರಶ್ನೆಗೆ ಒತ್ತಿದಳು: ತೊಟ್ಟು ಇದೆ, ಟಕ್ ಎಂದಿತು, ಗೊರಟೆ ಇಲ್ಲ, ಸೊನೆ ಇದೆ. ಪರದೆ ಒಪ್ಪಿಗೆ ಎಂದಿತು. ಗಿರಿಜಕ್ಕ ಎಂಟು ದಿನ ಬೇಕು ಎಂದಳು. ಮುಂದಿನ ತಟ್ಟೆಗೂ ಅದನ್ನೇ ಎಂದಳು, ಅದರ ಮುಂದಿನದಕ್ಕೂ.

ಗೌಡರು ತಾಳ್ಮೆಯ ಮನುಷ್ಯರಲ್ಲ. "ಎಂಟು ದಿನ ಯೋಚ್ನೆ ಮಾಡಕ್ಕೆ ಇದೇನು ಹೆಣ್ಣು ನೋಡೋ ಶಾಸ್ತ್ರನಾ?" ಎಂದರು. ಈ ಸಲ ನಗು ಜೋರಾಗಿ ಬಂತು. ಯಜಮಾನರ ಮಾತಿಗೆ ನಗಲೇಬೇಕಲ್ಲ.

ಮೇಡಂ ನಗಲಿಲ್ಲ. ಮಾಡೆಲ್ಲಿನಲ್ಲಿ ಇಂಥ ಉತ್ತರವೇ ಇಲ್ಲವಲ್ಲ, ಇದನ್ನು ಅಮ್ಮ ಮೊದಲು ಯಾರಿಗಾದರೂ ಹೇಳಿದ್ದರೇ ಎಂದು ಕೇಳಿದರು. ಗಿರಿಜಕ್ಕ ನನ್ನ ಕಡೆ ತಿರುಗಿದಳು. ಗಾಬರಿಯೇನೂ ಇರಲಿಲ್ಲ ಅವಳ ಮುಖದಲ್ಲಿ. ನಾನು ಪಕ್ಕದಲ್ಲೇ ಇದ್ದೇನೆ, ಇನ್ನೇನು ಹೇಳುತ್ತೇನೆ ಎಂಬ ಧೈರ್ಯ.

"ತಮಾ, ನಿಂಗೆ ಹೇಳಿದ್ನಲ. ನೀನು ಪುಸ್ತಕದಲ್ಲಿ ಬರ್ಕಂಡ್ಯಲ."

ನೋಟ್‌ಬುಕ್ ನನ್ನ ಕಂಕುಳಲ್ಲೇ ಇತ್ತು.

"ಇಲ್ಲ ಗಿರಿಜಕ್ಕ. ನೀನು ಹಂಗೆ ಹೇಳಿದ್ದು ನಂಗೆ ನೆನಪಿಲ್ಲ" ಎಂದೆ.

ಅವಳು ಕೈಯಲ್ಲಿದ್ದ ಮಿಡಿಯನ್ನು ಯಾವ ತಟ್ಟೆಯಿಂದ ಎತ್ತಿದ್ದಳೋ ಅದೇ ತಟ್ಟೆಗೆ ಇಟ್ಟು, ಸೊನೆಯಾದ ಬೆರಳನ್ನು ಸೀರೆಗೆ ಒರೆಸಿಕೊಂಡಳು. ಕೊಬ್ಬರಿ ಎಣ್ಣೆಯ ವಿಷಯ ಹೇಳಿಕೊಟ್ಟವಳು ಅವತ್ತು ಒಗೆದುಟ್ಟ ಸೀರೆಗೇ ಒರೆಸಿಕೊಂಡಳು. ಅವಳು ಎಂಟು ದಿನ ಎಂದ ಕಡೆಯಲ್ಲೆಲ್ಲ ಮೇಡಂ 'ಉತ್ತರ ಇಲ್ಲ' ಎಂದು ಬರೆದರು. ವಿಚಾರಿಸೋಣ ಎಂದು ಅವರು ಅಂದರೂ, ವಯಸ್ಸಾಯಿತು, ಮೂಗು ಮೊದಲಿನ ಹಾಗಿಲ್ಲ, ಭಯಕ್ಕೆ ಮುಂದೂಡುತ್ತಾಳೆ ಎಂದು ನಾನು ಗೌಡರಿಗೆ ವಿವರಿಸಿದೆ. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದ ಮೇಲೆ ನಾನೇ ಸ್ವಲ್ಪ ನಂಬಿದೆ.

ಮರುದಿನದಿಂದ ಅವಳನ್ನು ಬಾಟಲಿ ತೊಳೆಯುವ ಕಡೆ ಹಾಕಿದರು. ಗೂಡಿನ ಜಾಡಿಗಳನ್ನು ಬಳಿದು ತೊಳೆಯುವ ಕೆಲಸವೂ ಅವಳಿಗೇ ಬಂತು. ದಾರಗಳನ್ನು ಒಂದೊಂದಾಗಿ ಬಿಚ್ಚಿ ಬ್ಲೌಸಿನೊಳಗೆ ಇಟ್ಟುಕೊಂಡಳು ಎಂದು ಹೆಂಗಸರು ಆಡಿಕೊಂಡರು. ಗುಡ್ಡದ ಮಿಡಿ ದಿನವೂ ಬಂತು, ಪರದೆ ದಿನವೂ ಒಪ್ಪಿತು. ಸಾಗರ, ಹೊಸನಗರದಲ್ಲೂ ಟ್ಯಾಬ್ ಹೋಯಿತು. ಮೊದಲಿದ್ದ ಹೆದರಿಕೆ ಬಿಟ್ಟು ಅವರೂ ಎಲ್ಲ ಮರದ್ದನ್ನೂ ಕೊಂಡರು. ಬ್ಯಾರೆಲ್ಲುಗಳು ತುಂಬಿದವು. ನಾನು ನನ್ನ ಅಂಗಡಿಗೆ ಹೊಸ ಬೋರ್ಡು ಬರೆಸಿದೆ.

ಮಳೆ ಹಿಡಿದ ಎರಡನೇ ವಾರ ಸಾಗರದಿಂದ ಮೊದಲ ಫೋನ್ ಬಂತು. ಮಿಡಿ ಮೆತ್ತಗಾಗಿದೆ, ಉಪ್ಪುನೀರಿನ ಮೇಲೆ ಲೋಳೆ ಕಟ್ಟಿದೆ. ಸಂಜೆಯೊಳಗೆ ಹೊಸನಗರದಿಂದಲೂ ಅದೇ ಸುದ್ದಿ. ಕೋಣಂದೂರಿನಲ್ಲಿ ನಾವೇ ಮುಚ್ಚಳ ತೆಗೆದು ನೋಡಿದೆವು. ಹಿಡಿದರೆ ಕೈಯಲ್ಲೇ ಹಿಸುಕಿಹೋಗುವ ಮಿಡಿ. ಗುಡ್ಡದ್ದೂ ಹೊಳೆಸಾಲಿನದ್ದೂ ಬೆರೆತುಹೋಗಿದ್ದರಿಂದ ಯಾವುದು ಯಾವುದನ್ನು ಕೆಡಿಸಿತು ಎಂದು ಹೇಳುವವರಿಲ್ಲ. ಗೌಡರು ಮೇಡಂಗೆ ಫೋನ್ ಮಾಡಿ, ಈ ಮಿಡಿಯನ್ನು ಒಪ್ಪಿದ್ದು ಯಾರು ಎಂದು ಕೇಳಿದರು. ಅದಕ್ಕೆ ಉತ್ತರ ಹೇಳಲೆಂದೇ ಆ ನಕ್ಷೆಯನ್ನು ಕಟ್ಟಿದ್ದು. ಮೇಡಂ ಬ್ಯಾರೆಲ್ ನಂಬರ್ ಕೇಳಿದರು, ಬ್ಯಾರೆಲ್ಲಿನಿಂದ ಒಪ್ಪಿಗೆಗೆ, ಒಪ್ಪಿಗೆಯಿಂದ ನಿಯಮಕ್ಕೆ, ನಿಯಮದಿಂದ ಅದನ್ನು ಹೇಳಿದವರಿಗೆ ಹಿಂದಕ್ಕೆ ಹೋದರು. ಎಲ್ಲ ನಿಯಮದ ಪಕ್ಕವೂ ಗಿರಿಜಾ ಎಂದಿತ್ತು. ನಾನು ಕೊಟ್ಟ ಮಾತು ನಡೆಸಿದ್ದೆ.

ಗೌಡರು ಅವಳನ್ನು ಬಾಟಲಿ ಕೋಣೆಯಿಂದ ಕರೆಸಿದರು. ಒದ್ದೆ ಕೈಯಲ್ಲೇ ಬಂದು ನಿಂತಳು. ಬ್ಯಾರೆಲ್ಲಿನಿಂದ ಒಂದು ಮಿಡಿ ಎತ್ತಿ ಅವಳ ಕೈಗೆ ಇಟ್ಟು, "ನಿನ್ ಹೆಸ್ರಲ್ಲಿ ಒಳಗೆ ಬಂದಿದ್ದು. ತಿನ್ನು" ಎಂದರು. ಯಾರೂ ನಗಲಿಲ್ಲ, ಅವಳು ಎಂಟು ದಿನ ಕೇಳಿದ್ದಳೆಂದು ಗೌಡರಿಗೆ ನೆನಪಿಸಲೂ ಇಲ್ಲ. ಅವಳು ಅದನ್ನು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿದಳು. ಆ ಕೆಟ್ಟ ವಾಸನೆ ನಾನು ನಿಂತ ಜಾಗಕ್ಕೆ ಬರುತ್ತಿತ್ತು.

"ಈ ಮರ ನಾನು ನೋಡಿದ್ದಲ್ಲ ಗೌಡ್ರೆ" ಎಂದಳು ಅಷ್ಟೇ.

ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಏನೂ ಮಾಡುತ್ತಿರಲಿಲ್ಲ ಎಂದೇ ಇವತ್ತು ಅನಿಸುತ್ತದೆ. ಮರುದಿನ ಅವಳು ಕೆಲಸಕ್ಕೆ ಬರಲಿಲ್ಲ. ಒಬ್ಬಳೇ ಇದ್ದ ಬಾಡಿಗೆ ಮನೆ ಬಿಟ್ಟು ಮಗಳು ಸುಮಿತ್ರಳ ಮನೆಗೆ, ಬ್ಯಾಕೋಡಿಗೆ ಹೋದಳು ಎಂದು ತಿಳಿಯಿತು.

ಗೌಡರಿಗೆ ಈಗ ಎರಡು ಬೇಕಿತ್ತು. ಉಳಿದ ಬ್ಯಾರೆಲ್ಲುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದನ್ನು ಚೆಲ್ಲಬೇಕು ಎಂದು ಕೂಡಲೆ ಗೊತ್ತಾಗಬೇಕು. ಮುಂದಿನ ವರ್ಷಕ್ಕೆ ನಕ್ಷೆ ಸರಿಯಾಗಬೇಕು. ಇಲ್ಲದಿದ್ದರೆ ನನ್ನನ್ನೂ ಕಂಪನಿಯನ್ನೂ ಒಟ್ಟಿಗೆ ಕಳಿಸುವುದಾಗಿ ಹೇಳಿದರು. ಎಂಟು ದಿನ ಇಡಬೇಕು ಎಂಬುದು ನನ್ನ ಪುಸ್ತಕದಲ್ಲಿತ್ತು. ಎಂಟನೇ ದಿನ ಒತ್ತಿ ನೋಡುವಾಗ ಅವಳು ಏನನ್ನು ನೋಡುತ್ತಿದ್ದಳು ಎಂಬುದು ಇರಲಿಲ್ಲ. ಅದನ್ನು ನಾನು ಕೇಳಿಯೇ ಇರಲಿಲ್ಲ.

ಹಿನ್ನೀರು ದಾಟಿ ಬ್ಯಾಕೋಡಿಗೆ ಹೋದೆ. ಮೊಮ್ಮಕ್ಕಳಿಗೆ ಬಿಸ್ಕತ್ತು, ಅವಳಿಗೊಂದು ಸೀರೆ. ಬರಿಗೈಯಲ್ಲಿ ಹೋಗಬಾರದು, ಹೋದರೆ ಕೇಳುವುದಕ್ಕೆ ಬಾಯಿ ಬರುವುದಿಲ್ಲ. ಇದು ನಾನು ಎಲ್ಲರಿಗೂ ಕೊಡುವ ಸಲಹೆ. ಬೈಗುಳಕ್ಕೆ ತಯಾರಾಗಿ ಹೋಗಿದ್ದೆ, ಯಾವ ಮಾತಿಗೆ ಯಾವ ಉತ್ತರ ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅವಳು ಕಾಲಿಗೆ ನೀರು ಕೊಟ್ಟಳು. ಊಟಕ್ಕೆ ಹಾಕಿದಳು. ಸೀರೆಯ ಕವರನ್ನು ಬಿಚ್ಚದೆ ಮಗಳ ಕೈಗೆ ಕೊಟ್ಟಳು. ನಾನು ವಿಷಯ ಎತ್ತಿದಾಗ, ಪುಸ್ತಕ ತಂದಿದ್ದೀಯಾ ಎಂದು ಕೇಳಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ತೊಟ್ಟಿನ ಬುಡದಲ್ಲಿ ಹೆಬ್ಬೆರಳು ಒತ್ತಬೇಕು; ಒತ್ತಿದ ಗುಣಿ ತಾನೇ ಮೇಲೆ ಬಂದರೆ ಇಡಬಹುದು, ಹಾಗೇ ಉಳಿದರೆ ಚೆಲ್ಲಬೇಕು. ಸುಕ್ಕು ಉದ್ದಕ್ಕೆ ಬಿದ್ದರೆ ಒಳ್ಳೆಯದು, ಅಲ್ಲಲ್ಲಿ ಹೊಂಡ ಬಿದ್ದರೆ ಕೆಟ್ಟದ್ದು. ನೀರನ್ನು ಬೆರಳಿಗೆ ಹಚ್ಚಿ ಎಳೆದರೆ ನೂಲು ಬರಬಾರದು. ಬ್ಯಾರೆಲ್ ನೋಡುವಾಗ ಮೇಲಿನಿಂದಲ್ಲ, ತಳದಿಂದ ಎತ್ತಿ ನೋಡಬೇಕು. ಎಷ್ಟೊಂದು ವರ್ಷದ ಬೆರಳು, ಒಂದು ಮಧ್ಯಾಹ್ನದಲ್ಲಿ ನಾಲ್ಕು ಹಾಳೆಯಾಯಿತು.

ನಾನು ಎದ್ದು ನಿಂತಾಗ ಅವಳು ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು.

"ಕೆಲ್ಸಕ್ಕೆ ನಾನು ವಾಪಸ್ ಬರದಿಲ್ಲ ತಮಾ, ದುಡ್ಡೂ ಬ್ಯಾಡ. ಅವತ್ತು ಎಲ್ಲರ ಎದ್ರಿಗೆ ಇಲ್ಲ ಅಂದ್ಯಲ, ಒಂದ್ಸಲ ಎಲ್ಲರ ಎದ್ರಿಗೆ ಹೌದು ಅನ್ನು. ಗಿರಿಜಾ ಹೇಳಿದ್ಲು, ನಾನು ಬರ್ಕಂಡಿದ್ದೆ ಅನ್ನು. ಅಷ್ಟೇ."

ನನ್ನ ಜೀವನದಲ್ಲಿ ಅಷ್ಟು ಅಗ್ಗದ ಮಾತು ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ. ಕೂಡಲೆ ಒಪ್ಪಿದೆ.

ಬೆಂಗಳೂರಿನಿಂದ ಬಂದ ಮೇಡಂ ಜೊತೆ ಕೂತು ಕಾಯುವ ಚೌಕ ಸೇರಿಸಿದೆ. ಅರ್ಧ ದಿನದ ಕೆಲಸ. ಅಷ್ಟು ಸಣ್ಣದಾಗಿತ್ತು ಅದು. ನಾಲ್ಕು ಹಾಳೆ ಹಿಡಿದು ಮೂರೂ ಊರಿನ ಬ್ಯಾರೆಲ್ಲುಗಳನ್ನು ತಳದಿಂದ ಎತ್ತಿ ನೋಡಿದೆವು. ಅರ್ಧದಷ್ಟು ಉಳಿಯಿತು. ಕೋಣಂದೂರಿನಲ್ಲಿ ಕೊನೆಯ ಬ್ಯಾರೆಲ್ ನೋಡಿ ಮುಗಿದಾಗ ಗೌಡರು ಎಲ್ಲ ಹೆಂಗಸರನ್ನೂ ಕರೆದು ಟೀ ಕೊಡಿಸಿದರು. ನನ್ನನ್ನು ತೋರಿಸಿ, ನಾಗರಾಜ ಇಲ್ಲದಿದ್ದರೆ ಈ ವರ್ಷ ಮೂರೂ ಕಡೆ ಬಾಗಿಲು ಹಾಕಬೇಕಿತ್ತು ಎಂದರು. ಇದೆಲ್ಲ ಎಲ್ಲಿ ಕಲಿತೆ ಮಾರಾಯ ಎಂದು ಕೇಳಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವಳು ಕೇಳಿದ ಜಾಗ ಅದು, ಅವಳು ಕೇಳಿದ ಜನ ಅವರು. ಗಿರಿಜಕ್ಕ ಹೇಳಿದ್ದಳು, ನಾನು ಬರೆದುಕೊಂಡಿದ್ದೆ ಎಂದರೆ ಮುಂದಿನ ಪ್ರಶ್ನೆ ಏನು ಬರುತ್ತದೆಂದು ನನಗೆ ಗೊತ್ತಿತ್ತು. ಬರೆದುಕೊಂಡವನು ಯಾಕೆ ಹಾಕಲಿಲ್ಲ? ಚೆಲ್ಲಿದ ಅಷ್ಟೂ ಮಿಡಿ ಆಗ ನನ್ನ ತಲೆಗೆ. ನಿರ್ವಹಣೆಯ ಮಾತು ಅಲ್ಲಿಗೆ ಮುಗಿಯಿತು.

"ಅಲ್ಲಿ ಇಲ್ಲಿ ವಿಚಾರಿಸಿದೆ ಗೌಡ್ರೆ" ಎಂದೆ.

ಮೇಡಂ ತಮ್ಮ ಟೀ ಲೋಟ ಕೆಳಗಿಟ್ಟು ನನ್ನನ್ನು ಒಂದು ಕ್ಷಣ ನೋಡಿದರು. ಮುಂದಿನ ತಿಂಗಳು ಅವರು ಬೇರೆ ಕೆಲಸಕ್ಕೆ ಹೋದರು. ಮೂರು ಊರಿನ ನಿರ್ವಹಣೆ ಈಗಲೂ ನನ್ನ ಹತ್ತಿರವೇ ಇದೆ, ಕಾಯುವ ಚೌಕ ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ.

ಆ ಟೀ ಕುಡಿದ ನಾಲ್ಕನೇ ದಿನ, ಮಧ್ಯಾಹ್ನ ಅಂಗಡಿಯಲ್ಲಿ ಕೂತಿದ್ದಾಗ ಬ್ಯಾಕೋಡಿನಿಂದ ಸುಮಿತ್ರ ಫೋನ್ ಮಾಡಿದಳು.

"ಅಣ್ಣ, ಅಮ್ಮ ಕೇಳ್ತಾ ಇದಾಳೆ. ಹೇಳಿದ್ರಾ ಅಂತ."

"ಹೇಳಿದೆ ಅನ್ನು. ಎಲ್ಲರ ಎದುರಿಗೇ ಹೇಳಿದೆ" ಎಂದೆ.

ಇವತ್ತಲ್ಲ ನಾಳೆ ಕೋಣಂದೂರಿನ ಯಾರಾದರೂ ಅವಳಿಗೆ ನಿಜ ಮುಟ್ಟಿಸಿಯೇ ಮುಟ್ಟಿಸುತ್ತಾರೆ ಎಂದು ಗೊತ್ತಿದ್ದೂ ಹಾಗೆಂದೆ. ಸುಮಿತ್ರ ಫೋನನ್ನು ಬಾಯಿಂದ ಸ್ವಲ್ಪ ದೂರ ಹಿಡಿದು, ಹೇಳಿದಾರಂತೆ ಅಮ್ಮ ಎಂದದ್ದು ಕೇಳಿಸಿತು. ಆ ಕಡೆ ಪಾತ್ರೆ ಇಟ್ಟ ಸದ್ದು. ಆಮೇಲೆ ಗಿರಿಜಕ್ಕನ ದನಿ, ದೂರದಿಂದ:

"ಊಟ ಆತಾ ಕೇಳು."